ಬೂದು ತಲೆ, ಹಸಿರು ತಲೆ

ಶ್ರೀ

ಅರಸೀಕೆರೆ, ಸ್ಟೇಷನ್ ಪೇಟೆ
ಈಶ್ವರ ಸಂವತ್ಸರದ ಕಾರ್ತಿಕ ಬಹುಳ, ಭಾನುವಾರ
28-11-1937

ಚಿ|| ಸೌ|| ಮುದ್ದಮ್ಮನಿಗೆ ಷಡಕ್ಷರಪ್ಪ ಮನಸಾರೆ ಮಾಡುವ ಆಶೀರ್ವಾದಗಳು.

ನೀನು ಹೇಗಿದ್ದೀಯೆ? ಬಾಣಂತಿ ವಿಶಾಲು ಹೇಗಿದ್ದಾಳೆ? ಮಗು ಹಾಲು ಕಕ್ಕುತ್ತದೆ ಎಂದು ಹೋದ ಕಾಗದದಲ್ಲಿ ಬರೆಸಿದ್ದೆ, ಈಗ ಹೇಗೆ? ಬಜೆ ಸುಟ್ಟು ತೇಯ್ದು ನೆಕ್ಕಿಸು ಎಂದು ಬರೆಯಲು ಹೊರಟೆ. ಹೆತ್ತು ಸಾಕಿದವಳಿಗೆ ನಾನು ಬಾಣಂತನ ಹೇಳಿಕೊಡುವುದು ಯಾವ ಜಂಬ ಎನ್ನಿಸಿ ಕೈ ತಡೆಯಿತು. ಹೀಗೆ ಕೈ ತಡೆಯುವುದು ನನಗೆ ಹೊಸದು. ಯಾಕೆ ಅನ್ನುವುದು ಮುಂದೆ ಓದಿದರೆ ತಿಳಿಯುತ್ತದೆ. ದಾವಣಗೆರೆಯ ಚಳಿಗೆ ನಿನ್ನ ಮಂಡಿ ಹಿಡಿದುಕೊಂಡಿರಬೇಕು. ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೋ, ಇರುವ ಕೆಲಸವೆಲ್ಲ ನಿನ್ನ ಮೈಮೇಲೇ ಎಳೆದುಕೊಳ್ಳಬೇಡ. ಇಲ್ಲಿ ಕೆಂದಹಸು ಹೆಣ್ಣುಕರು ಹಾಕಿತು. ಮಳೆ ನಿಂತಿದೆ. ನಮ್ಮ ಸಣ್ಣವಳು ದ್ರಾಕ್ಷಾಯಣಿ ಹೊತ್ತು ಹೊತ್ತಿಗೆ ಅಡಿಗೆ ಮಾಡಿ ಬಡಿಸುತ್ತಾಳೆ. ಸಾರಿಗೆ ಉಪ್ಪು ಹುಳಿ ಖಾರ ಎಲ್ಲ ಸರಿಯಾಗಿದೆ. ನನ್ನ ಜೊತೆ ಮಾತು ಮಾತ್ರ ಇಲ್ಲ.

ವಿಶಾಲೂ, ಈ ಕಾಗದವನ್ನು ನಿಮ್ಮವ್ವನಿಗೆ ಓದಿ ಹೇಳುವವಳು ನೀನೇ ತಾನೆ. ಮನೆಯವರೆಲ್ಲ ನಡುಮನೆಯಲ್ಲಿ ಕೂತಿರುವಾಗ ಓದಬೇಡ ಕಣವ್ವ. ಅಳಿಯಂದಿರು ಅಂಗಡಿಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಮೆಲ್ಲಗೆ ಓದು. ಅಪ್ಪನ ಮಾನ ಈಗ ನಿನ್ನ ಗಂಟಲಲ್ಲಿದೆ. ನಗು ಬಂದರೆ ನಗು, ಆದರೆ ಪೂರ್ತಿ ಓದು.

ಮುದ್ದಮ್ಮ, ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಬರೆದರೆ ನಿನಗೆ ಎದೆ ಹೊಡೆದುಕೊಳ್ಳುತ್ತದೆ. ಯಾರ ಜೀವಕ್ಕೂ ಏನೂ ಆಗಿಲ್ಲ. ಬೇಲೂರಿನ ಸಂಬಂಧವನ್ನು ಮಾತ್ರ ನಾನು ನನ್ನ ಬಾಯಿಂದಲೇ ಮುರಿದುಕೊಂಡು ಬಂದೆ. ದೇವೀರಪ್ಪನವರ ಮನೆ, ಅಂಥ ಮನೆತನ, ಅಂಥ ಹುಡುಗ. ನಮ್ಮ ಹುಡುಗಿಗೂ ಜಯದೇವನ ಮೇಲೆ ಮನಸ್ಸಿದೆ ಎಂದು ನೀನು ರೈಲು ಹತ್ತುವಾಗ ಕಿಟಕಿಯಿಂದ ಬಗ್ಗಿ ಹೇಳಿದ್ದೆಯಲ್ಲ, ‘ನಾನು ಬರೋವರ್ಗೂ ಬಾಯಿ ಬಿಗಿ ಹಿಡ್ಕಳಿ’ ಅಂತಲೂ ಹೇಳಿದ್ದೆ. ಗಾಡಿ ಹೊರಟ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಆಮೇಲೆ ಹೇಳಿಕೊಳ್ಳೋಣ ಎಂದಿದ್ದೆ. ಕೇಳಿಸಿತ್ತು.

ಆದದ್ದೆಲ್ಲ ಹಕ್ಕಿಗಳಿಂದ. ಅಲ್ಲ, ಹಕ್ಕಿಗಳದ್ದೇನು ತಪ್ಪು, ನನ್ನಿಂದ. ನೀನು ಹೋದ ವಾರವೇ ಜಯದೇವ ಬೊಂಬಾಯಿಯಿಂದ ತರಿಸಿದ ಒಂದು ಪಂಜರ ಪೂನಾ ಮೇಲ್ ರೈಲಿನಲ್ಲಿ ನಮ್ಮ ಸ್ಟೇಷನ್ನಿಗೆ ಬಂದಿಳಿಯಿತು. ಅದರ ಒಳಗೆ ಆಫ್ರಿಕಾ ದೇಶದ ಪುಟ್ಟ ಗಿಣಿಗಳು. ಇವುಗಳ ಹೆಸರು ಬರೆಯಲು ನನಗೆ ನಾಚಿಕೆ. ಇಂಗ್ಲಿಷಿನಲ್ಲಿ ಲವ್ ಬರ್ಡ್ ಅನ್ನುತ್ತಾರಂತೆ. ಅರ್ಥ ಏನೆಂದು ಅಳಿಯಂದಿರನ್ನು ಕೇಳಬೇಡಿ. ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತನ್ನು ನಿನಗೆ ಕನ್ನಡದಲ್ಲೂ ಹೇಳಿದವನಲ್ಲ ನಾನು, ಈಗ ಹಕ್ಕಿಯ ನೆಪದಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಹಾಗಾಯಿತು ನೋಡು. ಜಾವಗಲ್ಲಿನ ಹತ್ತಿರ ಹಳ್ಳ ತುಂಬಿ ಬೇಲೂರಿನ ಬಸ್ಸು ನಿಂತಿತ್ತು. ನೀರು ಇಳಿಯುವವರೆಗೆ ಪಂಜರ ನಮ್ಮ ಮನೆಯಲ್ಲೇ ಇರಲಿ, ಅದರಲ್ಲಿ ಒಂದು ಜೋಡಿಯನ್ನು ನೀವೇ ಇಟ್ಟುಕೊಳ್ಳಿ ಎಂದು ಹುಡುಗ ಹೇಳಿ ಕಳಿಸಿದ. ಯಾರಿಗೆ ಅಂತ ಹೇಳಲಿಲ್ಲ. ಯಾರಿಗೆ ಅಂತ ದ್ರಾಕ್ಷಾಯಣಿಗೆ ಗೊತ್ತಾಯಿತು, ಕಿವಿಯೆಲ್ಲ ಕೆಂಪಾಗಿತ್ತು. ನೀನು ಇರಬೇಕಿತ್ತು.

ನಮ್ಮ ಸ್ಟೇಷನ್ ಮಾಸ್ಟರ ಮನೆಯ ಜಗಲಿಯಲ್ಲಿ ನೇತುಹಾಕಿದ್ದಾರಲ್ಲ, ಬೆನ್ನ ಮೇಲೆ ಅಲೆ ಅಲೆ ಗೆರೆ ಇರುವ ಹಳದಿ ನೀಲಿ ಹಕ್ಕಿಗಳು, ಅವನ್ನೂ ಊರವರು ಇದೇ ಹೆಸರಿನಿಂದ ಕರೆಯುತ್ತಾರೆ. ಅದು ಬೇರೆ ಜಾತಿ. ಅದಕ್ಕೆ ಬಾಲ ಉದ್ದ. ಕೊಕ್ಕಿನ ಮೇಲೆ ಮೂಗಿನ ಹತ್ತಿರ ನೀಲಿ ಇದ್ದರೆ ಗಂಡು, ಕಂದು ಇದ್ದರೆ ಹೆಣ್ಣು ಎಂದು ಅವರು ನನಗೆ ಯಾವತ್ತೋ ತೋರಿಸಿದ್ದರು. ಈ ಗಿಣಿಗಳಿಗೆ ಬಾಲ ಮೋಟು, ಮೈ ಗುಂಡಗೆ, ಕೊಕ್ಕು ದಪ್ಪ. ಮೂಗು ನೋಡಿದರೆ ಏನೂ ತಿಳಿಯದು. ಬಂದದ್ದು ಆರು. ಅದರಲ್ಲಿ ಎರಡಕ್ಕೆ ಮುಖವೆಲ್ಲ ಕಪ್ಪು, ಕೊಕ್ಕು ಕೆಂಪು, ಕತ್ತಿಗೆ ಅರಿಸಿನದ ಬಣ್ಣ, ಕಣ್ಣಿನ ಸುತ್ತ ಕನ್ನಡಕ ಹಾಕಿದ ಹಾಗೆ ದಪ್ಪನೆ ಬಿಳಿ ಬಳೆ. ಅವೆರಡೂ ಒಂದರ ಹಾಗೇ ಇನ್ನೊಂದು. ಮಿಕ್ಕ ನಾಲ್ಕು ಇನ್ನೂ ಸಣ್ಣವು, ಕಣ್ಣಿಗೆ ಬಳೆ ಇಲ್ಲ. ಇವುಗಳಲ್ಲಿ ಎರಡಕ್ಕೆ ತಲೆ ಕತ್ತು ಎದೆಯವರೆಗೆ ವಿಭೂತಿ ಬಳಿದಂತೆ ಬೂದು ಬಣ್ಣ, ಎರಡು ಮೈಪೂರ್ತಿ ಹಸಿರು. ಪಂಜರದ ಗೋಣಿ ಬಿಚ್ಚಿದಾಗ ಅವು ಹೇಗೆ ಕೂತಿದ್ದವು ಗೊತ್ತಾ? ಒಂದು ಬೂದು ತಲೆ, ಅದಕ್ಕೆ ಅಂಟಿಕೊಂಡು ಒಂದು ಹಸಿರು ತಲೆ. ಆಚೆ ಮೂಲೆಯಲ್ಲಿ ಇನ್ನೊಂದು ಬೂದು, ಇನ್ನೊಂದು ಹಸಿರು. ನಾನು ಈ ಎರಡು ಕಣ್ಣಿಂದ ನೋಡಿದೆ ಮುದ್ದಮ್ಮ. ನೋಡಿ ಏನಂದುಕೊಂಡೆ? ಬೊಂಬಾಯಿಯವರಿಗೆ ಜೋಡಿ ಕಟ್ಟಲು ಬರುವುದಿಲ್ಲ ಅಂದುಕೊಂಡೆ.

ನಿನಗೆ ನನ್ನ ಹುಚ್ಚು ಗೊತ್ತಲ್ಲ. ಗಂಡಸಿ ಕಡೆಯಿಂದ, ಹಳೇಬೀಡಿನ ಕಡೆಯಿಂದ ಜನ ಹೋರಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬರುತ್ತಾರೆ, ಇದಕ್ಕೊಂದು ಜೊತೆ ಹೇಳಿ ಯಜಮಾನ್ರೇ ಅಂತ. ಎತ್ತರ ಎತ್ತರಕ್ಕೆ ಸಮ, ಕೊಂಬು ಕೊಂಬಿಗೆ ಸಮ, ಬಣ್ಣಕ್ಕೆ ಬಣ್ಣ, ಸುಳಿ ನೋಡಿ, ಬಾಲದ ಕುಚ್ಚು ನೋಡಿ ಜೋಡಿ ಕಟ್ಟುತ್ತೇನೆ. ಬಿಳಿಯದಕ್ಕೆ ಕೆಂದ ಕಟ್ಟಿಕೊಂಡು ಸಂತೆಗೆ ಹೋದರೆ ಜನ ನಗುತ್ತಾರೆ. ಹಾಗಾಗಿ ಬಸ್ಸು ಹೊರಡುವ ಹಿಂದಿನ ದಿನ ನಾನು ಪಂಜರದ ಮುಂದೆ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತು, ಬೂದಿಗೆ ಬೂದು, ಹಸಿರಿಗೆ ಹಸಿರು, ಕಪ್ಪಿಗೆ ಕಪ್ಪು ಎಂದು ಮೂರು ಪಂಜರಕ್ಕೆ ಬೇರೆ ಬೇರೆ ಮಾಡಿದೆ. ಎತ್ತಿನ ಜೋಡಿಯಲ್ಲಿ ಎರಡೂ ಗಂಡೇ, ಇದು ನೊಗಕ್ಕಲ್ಲ ಸಂಸಾರಕ್ಕೆ ಅನ್ನುವುದು ಈ ದಡ್ಡನ ತಲೆಗೆ ಹೊಳೆಯಲೇ ಇಲ್ಲ. ಬೇರೆ ಮಾಡುವಾಗ ಅವು ಕಿರುಚಿದ್ದು ಕಿರುಚಿದ್ದೇ. ಹೊಸ ನೊಗಕ್ಕೆ ಹೋರಿಯೂ ಕುಣಿಯುತ್ತದೆ, ನಾಳೆ ಸರಿಹೋಗುತ್ತದೆ ಎಂದೆ.

ಆಗ ದ್ರಾಕ್ಷಾಯಣಿ ಹತ್ತಿರ ಬಂದಳು. ಮಳೆಯ ದಿನಗಳಲ್ಲಿ ನವಣೆ ಹಾಕಿ, ನೀರು ಬದಲಾಯಿಸಿ, ಆಡಲಿ ಎಂದು ತೆಂಗಿನ ಎಳೆ ಗರಿ ಸೀಳಿ ಕೊಟ್ಟು ನೋಡಿಕೊಂಡವಳು ಅವಳು. ‘ಅಪ್ಪಾ, ಬೂದು ತಲೇದು ಹಸಿರುದಕ್ಕೆ ಗುಟುಕು ಕೊಡುತ್ತೆ. ಹಸಿರುದು ಮಾತ್ರ ಗರಿ ಕತ್ತರಿಸಿ ಬೆನ್ನಿನ ಪುಕ್ಕಕ್ಕೆ ಸಿಕ್ಕಿಸ್ಕೊಂಡು ಓಡಾಡುತ್ತೆ, ಬೂದುದು ಮುಟ್ಟೋದೇ ಇಲ್ಲ. ಬೂದುದು ಗಂಡು, ಹಸಿರುದು ಹೆಣ್ಣು ಅನ್ಸುತ್ತೆ. ಕಪ್ಪು ಮುಖದ್ದಾದ್ರೆ ಗರೀನ ಕೊಕ್ಕಲ್ಲೇ ಕಚ್ಕೊಂಡು ಹೋಗುತ್ತೆ, ಅದರಲ್ಲಿ ಗಂಡ್ಯಾವುದು ಹೆಣ್ಯಾವುದು ನೋಡಿದ್ರೆ ಗೊತ್ತಾಗಲ್ಲ’ ಅಂದಳು. ಒಂದೇ ಉಸಿರಿಗೆ ಇಷ್ಟು ಮಾತನ್ನು ಆ ಹುಡುಗಿ ನನ್ನ ಹತ್ತಿರ ಯಾವತ್ತೂ ಆಡಿದ್ದಿಲ್ಲ. ನಾನೇನು ಹೇಳಿದೆ? ‘ಹತ್ತೂರಿಗೆ ಎತ್ತಿನ ಜೋಡಿ ಕಟ್ಟೋನಿಗೆ ಹಕ್ಕಿ ಜೋಡಿ ಹೇಳ್ಕೊಡೋಕೆ ಬಂದ್ಯಾ? ಗಂಡು ಹೆಣ್ಣು ಅಂತ ಮಾತಾಡೋಕೆ ನಾಚ್ಕೆ ಆಗಲ್ವಾ ನಿಂಗೆ? ಹೋಗೇ ಒಳಗೆ’ ಅಂದೆ. ಕೊಬ್ಬರಿ ವ್ಯಾಪಾರಕ್ಕೆ ಬಂದಿದ್ದ ಇಬ್ಬರು ಜಗಲಿಯಲ್ಲಿ ಕೂತಿದ್ದರು, ಅವರ ಎದುರಿಗೇ ಅಂದೆ. ಅವಳು ಒಳಗೆ ಹೋದಳು. ಕೈಯಲ್ಲಿದ್ದ ಗರಿಯ ಚೂರುಗಳನ್ನು ಹೊಸಿಲ ಹತ್ತಿರ ಇಟ್ಟು ಹೋದಳು.

ಬಸ್ಸು ಹೊರಟ ದಿನ ಕಪ್ಪು ಮುಖದ ಜೋಡಿಯನ್ನೂ ಹಸಿರಿನ ‘ಜೋಡಿ’ಯನ್ನೂ ನಾನೇ ಬೇಲೂರಿಗೆ ಒಯ್ದು ಕೊಟ್ಟೆ. ಬೂದು ತಲೆಯವು ನಮ್ಮಲ್ಲಿ ಉಳಿದವು. ದೇವೀರಪ್ಪನವರ ಮನೆಯವರು ಸುವರ್ಣಮ್ಮನವರು ಹಿತ್ತಿಲ ಜಗಲಿಯಲ್ಲಿ ಮೊದಲಿಂದ ಒಂದು ಜೋಡಿ ಸಾಕಿದ್ದಾರೆ. ಅದು ಇನ್ನೊಂದು ಬಗೆ. ಮುಖ ಹಣ್ಣಾದ ಸೀಬೆಯ ಒಳಗಿನ ಬಣ್ಣ, ಸೊಂಟದ ಮೇಲೆ ಒಳ್ಳೆಯ ನೀಲಿ, ಕಣ್ಣಿಗೆ ಬಿಳಿ ಬಳೆ ಇಲ್ಲ. ಅದರಲ್ಲೂ ಗಂಡು ಹೆಣ್ಣು ಒಂದೇ ಥರ. ಅವು ಮರಿ ಮಾಡಿ, ಮರಿಗಳು ಹಾರಾಡಿಕೊಂಡಿದ್ದವು, ಆಕೆಯ ಬೆರಳ ಮೇಲೆ ಬಂದು ಕೂರುತ್ತಿದ್ದವು. ತಮ್ಮ ಹಕ್ಕಿಗಳಲ್ಲಿ ಗಂಡು ಹೆಣ್ಣಿಗೆ ಬಣ್ಣ ಒಂದೇ ಆದ್ದರಿಂದ, ನಾನು ಕೊಟ್ಟ ಹಸಿರಿನವೂ ಗಂಡ ಹೆಂಡತಿಯೇ ಎಂದು ಆಕೆ ನಂಬಿದರು. ‘ಜೋಡಿ ನೋಡಿ ತಂದಿದೀರಾ ಯಜಮಾನ್ರೇ?’ ಎಂದು ಒಂದು ಸಲ ಕೇಳಿದ್ದೂ ಹೌದು. ‘ಷಡಕ್ಷರಪ್ಪ ಕಟ್ಟಿದ ಜೋಡಿ ಕಣಮ್ಮಾ’ ಎಂದು ಮೀಸೆಯ ಮೇಲೆ ಕೈಯಾಡಿಸಿದೆ. 

ಹೋದ ಗುರುವಾರ ವೀಳ್ಯ ಬದಲಾಯಿಸುವ ದಿನ ಗೊತ್ತು ಮಾಡಲು ಮತ್ತೆ ಬೇಲೂರಿಗೆ ಹೋದೆ. ಮಠದಿಂದ ಕರಿಬಸವಯ್ಯನವರೂ ಬಂದು ಕೂತಿದ್ದರು, ಬೀದಿಯ ನಾಲ್ಕು ಜನ ಹಿರಿಯರೂ ಇದ್ದರು. ನಾನು ನೇರ ಹಿತ್ತಿಲಿಗೆ ಹೋಗಿ ಹಕ್ಕಿ ನೋಡಿದೆ. ಹಸಿರಿನದು ಒಂದು ಪಂಜರದ ತಳದಲ್ಲಿ ಸತ್ತು ಬಿದ್ದಿತ್ತು, ಬೆರಳುಗಳು ಕಡಿದು ಹೋಗಿದ್ದವು, ತಲೆಯ ಮೇಲೆ ರಕ್ತ. ಆಗ ತಾನೇ ಆಗಿರಬೇಕು, ಮನೆಯವರು ಯಾರೂ ನೋಡಿರಲಿಲ್ಲ, ಅಡಿಗೆಯ ಗಡಿಬಿಡಿಯಲ್ಲಿದ್ದರು. ಇನ್ನೊಂದು ಹಸಿರಿನದು ಮೇಲೆ ಕೋಲಿನ ಮೇಲೆ ಕೂತು ಕೊಕ್ಕು ತೀಡಿಕೊಳ್ಳುತ್ತಿತ್ತು. ಅದನ್ನು ನೋಡಿದರೆ ಸಾಕಿತ್ತು, ಯಾರು ಕೊಂದದ್ದು ಎಂದು ತಿಳಿಯಲು. ನಾನು ನೋಡಲಿಲ್ಲ. ಸತ್ತ ಹಕ್ಕಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಡುಮನೆಗೆ ಬಂದು ಕೂಗಾಡಿದೆ. ಇಲಿ ಬಿಟ್ಟಿರೋ, ಬೆಕ್ಕು ಬಿಟ್ಟಿರೋ ಎಂದೆ. ‘ಬಾಯಿಲ್ಲದ ಜೀವಾನ ಒಂದು ವಾರ ನೋಡ್ಕಳಾಕಾಗ್ದಿರೋ ಮನೆಗೆ ನನ್ನ ಮಗಳನ್ನ ಹೆಂಗ್ರೀ ಕೊಡ್ಲಿ?’ ಎಂದೆ. ಸುವರ್ಣಮ್ಮನವರು ವೀಳ್ಯದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಅಷ್ಟಕ್ಕಾದರೂ ನಿಲ್ಲಿಸಬಾರದೇ? ಆಕೆಯ ಕಡೆ ಕೈ ಮಾಡಿ, ‘ಈ ಕೈಯಲ್ಲಿ ಏನು ಉಳಿದೀತು’ ಎಂದುಬಿಟ್ಟೆ.

ಆಕೆ ಹೆತ್ತದ್ದರಲ್ಲಿ ಉಳಿದಿರುವುದು ಜಯದೇವ ಒಬ್ಬನೇ ಎಂದು ನೀನೇ ನನಗೆ ಹೇಳಿದ್ದೆ. ಆ ಮಾತು ಬಾಯಿಂದ ಹೊರಡುವಾಗ ಅದು ನೆನಪಿರಲಿಲ್ಲ, ಗುರುವಿನಾಣೆಗೂ ಇರಲಿಲ್ಲ. ಹಳೇಬೀಡು ದಾಟಿದ ಮೇಲೆ ಬಸ್ಸಿನಲ್ಲಿ ನೆನಪಾಯಿತು. ನಾನು ಹಾಗೆಂದಾಗ ಆಕೆ, ಮುದ್ದಮ್ಮ, ತಟ್ಟೆಯನ್ನು ಗೂಡಿನಲ್ಲಿಟ್ಟು ಒಳಗೆ ಹೋದರು. ‘ಕೂತ್ಕಳಿ ಯಜಮಾನ್ರೇ, ಮಾತಾಡಾನ’ ಎಂದು ದೇವೀರಪ್ಪನವರು ನನ್ನ ಹಿಂದೆಯೇ ಬೀದಿಯವರೆಗೆ ಬಂದರು. ಜಯದೇವ ಕಂಬದ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಸಂಬಂಧ ಬೇಡ ಎಂದು ಬೀದಿಯಲ್ಲೇ ನಿಂತು ಹೇಳಿ ಬಂದೆ. ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ.

ಮನೆಗೆ ಬಂದು ದ್ರಾಕ್ಷಾಯಣಿಗೆ ವಿಷಯ ಹೇಳಿದೆ, ನಿನ್ನ ಒಳ್ಳೆಯದಕ್ಕೇ ಬಿಟ್ಟು ಬಂದೆ ಎಂದೂ ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ‘ಸತ್ತಿದ್ದು ಹಸಿರುದಾ?’ ಎಂದಳು. ಹೌದು ಎಂದೆ. ‘ಜೊತೇಲಿದ್ದಿದ್ದೂ ಹಸಿರುದೇ ತಾನೆ?’ ಎಂದಳು. ಅಷ್ಟೇ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ನಮ್ಮ ಮನೆಯ ಪಂಜರದ ಮುಂದೆ ಕೂತೆ. ಎರಡು ಬೂದು ತಲೆಗಳು ಕೋಲಿನ ಈ ತುದಿಗೊಂದು ಆ ತುದಿಗೊಂದು. ಒಂದು ನವಣೆಗೆ ಇಳಿದರೆ ಇನ್ನೊಂದು ಬಾಯಿ ಹಾಕಿ ಓಡಿಸುತ್ತಿತ್ತು. ಗರಿಯ ಚೂರು ಹಾಕಿದೆ, ಎರಡೂ ಮುಟ್ಟಲಿಲ್ಲ. ಗೋಣಿ ಬಿಚ್ಚಿದಾಗ ಅವು ಹೇಗೆ ಅಂಟಿಕೊಂಡು ಕೂತಿದ್ದವು ಅನ್ನುವುದು ಆಗ ಕಣ್ಣಿಗೆ ಕಟ್ಟಿತು. ಇದ್ದ ಸಂಸಾರ ಕಿತ್ತು, ಎರಡು ಹೆಣ್ಣುಗಳನ್ನು ಒಂದು ಪಂಜರದಲ್ಲಿ ಹಾಕಿ ಬಡಿದಾಡಿಸಿ ಕೊಲ್ಲಿಸಿ, ಕೊಂದದ್ದು ನೀವು ಎಂದು ಇನ್ನೊಬ್ಬರ ಮನೆಯ ಹೆಣ್ಣುಮಗಳ ಮೇಲೆ ಹಾಕಿ ಬಂದವನು ನಾನು. ನಾಚಿಕೆಗೇಡು ಅನ್ನುವ ಮಾತನ್ನು ಎಷ್ಟೋ ಜನಕ್ಕೆ ಅಂದಿದ್ದೇನೆ, ಅದು ಹೀಗೆ ಸುಡುತ್ತದೆ ಎಂದು ತಿಳಿದಿರಲಿಲ್ಲ.

ಮಾರನೇ ದಿನ ಮನಸ್ಸು ತಡೆಯದೆ ಕೊಬ್ಬರಿ ಮಂಡಿಯಲ್ಲಿ ಸಿದ್ದಬಸಪ್ಪನ ಹತ್ತಿರ ಹೇಳಿಕೊಂಡೆ. ಹೋದ ವರ್ಷ ಕೊಬ್ಬರಿ ತೂಕದ ಮಾತಿಗೆ ಅವನನ್ನು ಮಂಡಿಯ ನಡುವೆಯೇ ಬಾಯಿಗೆ ಬಂದಂತೆ ಅಂದಿದ್ದೆ, ನೆನಪಿದೆಯಾ? ಅವನು ನಕ್ಕ. ‘ಇನ್ನೂ ಮನೆಯವರು ಬಂದಿಲ್ವಾ? ಅವರು ಬರ್ಲಿ ಬಿಡಿ, ಹೋಗಿ ಒಂದ್ಮಾತು ಹೇಳ್ತಾರೆ, ಸರಿಹೋಯ್ತದೆ. ನೀವು ನನ್ನ ಬೈದ ಮಾರನೇ ದಿನ ನಮ್ಮನೇಗೆ ಬಂದಿರ್ನಿಲ್ವಾ?’ ಅಂದ. ನನಗೆ ಅರ್ಥವಾಗಲಿಲ್ಲ. ಬಿಡಿಸಿ ಕೇಳಿದೆ. ನೀನು ಅವನ ಮನೆಗೆ ಮೊಸರಿನ ಗಡಿಗೆ ಹಿಡಿದು ಹೋಗಿ, ‘ಅವರ ಮಾತು ಮನಸ್ಸಿಗೆ ಹಚ್ಕಬೇಡಿ ಅಣ್ಣಾ, ಒಳಗೇನಿಲ್ಲ ಅವರಿಗೆ’ ಎಂದು ಹೇಳಿ ಬಂದಿದ್ದೆಯಂತೆ. ಅವನ ಮನೆಗೆ ಮಾತ್ರವಲ್ಲವಂತೆ. ಎಣ್ಣೆ ಗಾಣದವರ ಮನೆಗೆ, ಮೇಷ್ಟ್ರ ಮನೆಗೆ, ನನ್ನ ತಂಗಿ ಭಾಗಮ್ಮನ ಮನೆಗೂ. ನಾನು ಇಷ್ಟು ವರ್ಷ ಏನಂದುಕೊಂಡಿದ್ದೆ ಹೇಳಲೇ? ಷಡಕ್ಷರಪ್ಪ ನೇರ ಮಾತಿನವನು, ಅಂದರೂ ಜನಕ್ಕೆ ಬೇಜಾರಿಲ್ಲ, ಅವನ ಯೋಗ್ಯತೆಗೆ ತಲೆಬಾಗುತ್ತಾರೆ ಅಂದುಕೊಂಡಿದ್ದೆ. ನಾನು ಮುಂದೆ ಬೈಯುತ್ತಾ ಹೋಗಿದ್ದೇನೆ, ನೀನು ಮಂಡಿನೋವಿನ ಕಾಲು ಎಳೆದುಕೊಂಡು ಹಿಂದೆ ಮೊಸರು ಹೊತ್ತು ಬಂದಿದ್ದೀಯೆ. ಒಂದು ದಿನವೂ ನನಗೆ ಹೇಳಲಿಲ್ಲವಲ್ಲೇ.

ಇಷ್ಟು ಬರೆದ ಮೇಲೆ ಕೇಳಲು ಮುಖವಿಲ್ಲ, ಆದರೂ ಕೇಳುತ್ತೇನೆ. ಬಾಣಂತಿಯನ್ನು ಅವಳ ನಾದಿನಿಗೆ ಒಪ್ಪಿಸಿ ಎರಡು ದಿನದ ಮಟ್ಟಿಗೆ ಬಾ. ಬೇಲೂರಿಗೆ ಒಂದು ಸಲ ಹೋಗಿ ಸುವರ್ಣಮ್ಮನವರನ್ನು ಕಂಡು ಮಾತಾಡಿಕೊಂಡು ಬಾ. ನಿನಗೆ ಆ ಮಾತು ಬರುತ್ತದೆ, ನನಗೆ ಬರುವುದಿಲ್ಲ. ಹೋಗಿ ನಿಂತರೆ ಮತ್ತೆ ಏನು ಅಂದುಬಿಡುತ್ತೇನೋ ಎಂದು ನನಗೇ ಭಯ. ಈ ಸಂಬಂಧ ಕೈತಪ್ಪಿದರೆ ಹುಡುಗಿಗೆ ಜೀವಮಾನವೆಲ್ಲ ನನ್ನ ಮುಖ ನೋಡಿದಾಗ ಅದೇ ನೆನಪಾಗುತ್ತದೆ. ಅವಳು ಬಡಿಸುವಾಗ ನಾನು ತಟ್ಟೆಯಿಂದ ತಲೆ ಎತ್ತುತ್ತಿಲ್ಲ.

ಅಳಿಯಂದಿರಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ಕೂಸಿಗೆ ನನ್ನ ಲೆಕ್ಕದಲ್ಲಿ ಒಂದು ದೃಷ್ಟಿಬೊಟ್ಟು ಇಡು. ಗುರುವಿನ ದಯೆ ನಿಮ್ಮೆಲ್ಲರ ಮೇಲೆ ಇರಲಿ, ಒಂದಿಷ್ಟು ಉಳಿದರೆ ನನ್ನ ನಾಲಿಗೆಯ ಮೇಲೂ ಇರಲಿ.

ಇಂತಿ ನಿನ್ನವನೇ ಆದ
ಷಡಕ್ಷರಪ್ಪ

ಮತ್ತೆ ಬರೆದದ್ದು, ಮಂಗಳವಾರ. ಅವಸರದಲ್ಲಿದ್ದೇನೆ, ಟಪಾಲು ಕಟ್ಟುವ ಹೊತ್ತಾಯಿತು. ಮೇಲೆ ‘ಬಾ’ ಎಂದು ಬರೆದಿದ್ದೇನಲ್ಲ, ಬರಬೇಡ. ನಿನ್ನನ್ನು ಕರೆಸುತ್ತಿದ್ದೇನೆ ಎಂದು ಸೋಮವಾರ ಬೆಳಿಗ್ಗೆ ದ್ರಾಕ್ಷಾಯಣಿಗೆ ಹೇಳಿದೆ. ‘ಅವ್ವ ಯಾಕಪ್ಪಾ ಬರಬೇಕು? ಅಂದಿದ್ದು ಅವ್ವನಾ?’ ಎಂದಳು. ಮೆಲ್ಲಗೇ ಅಂದಳು, ನೆಲ ನೋಡಿಕೊಂಡು. ನಾನು ಅಂಗಿ ತೊಟ್ಟು ಬೂದು ತಲೆಯದು ಒಂದನ್ನು ಸಣ್ಣ ಪಂಜರಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ‘ಒಂದೇ ಗೂಡಿಗೆ ಬಿಡ್ಬೇಡಿ, ಆ ಹೆಣ್ಣು ಹೆದರಿರುತ್ತೆ, ಮೊದ್ಲು ಪಕ್ಕಪಕ್ಕ ಇಡಿ’ ಎಂದು ಬಾಗಿಲಿನಿಂದ ಕೂಗಿ ಹೇಳಿದಳು. ಈ ಸಲ ಕೇಳಿಸಿಕೊಂಡೆ. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಇಳಿದು, ಅರಸೀಕೆರೆ ಕಡೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದ್ದೂ ಉಂಟು. ಡ್ರೈವರು ಹಾರನ್ ಹೊಡೆದ, ಹತ್ತಿದೆ.

ಸುವರ್ಣಮ್ಮನವರು ಹೊರಗೆ ಬರಲಿಲ್ಲ. ಕದದ ಮರೆಯಲ್ಲಿ ನಿಂತರು. ದೇವೀರಪ್ಪನವರ ಎದುರಿಗೆ, ಜಯದೇವನ ಎದುರಿಗೆ ಎಲ್ಲ ಹೇಳಿದೆ. ಜೋಡಿ ತಪ್ಪು ಕಟ್ಟಿದ್ದು ನಾನು, ನನ್ನ ಮಗಳು ಹೇಳಿದ್ದಳು, ಅವಳ ಬಾಯಿ ಮುಚ್ಚಿಸಿದೆ, ನಿಮಗೆ ಆಡಬಾರದ ಮಾತು ಆಡಿದೆ, ತಪ್ಪಾಯಿತು ತಾಯಿ ಎಂದೆ.   ಆಮೇಲೆ ಕದದ ಹಿಂದಿನಿಂದ, ‘ನನ್ನ ಮಾತು ಬಿಡಿ ಯಜಮಾನ್ರೇ, ನಂಗೆ ಹಂಗಂದೋರು ನೀವೊಬ್ರೇ ಅಲ್ಲ. ಅಷ್ಟು ಕಣ್ಣಿರೋ ಹುಡುಗೀನ ಒಳಗೆ ಹೋಗು ಅಂದ್ರಲ್ಲ. ಮೊದ್ಲು ಅವಳ ಹತ್ರ ತಪ್ಪಾಯ್ತು ಅನ್ನಿ. ಗುರುವಾರ ನಾನೇ ಬತ್ತೀನಿ, ಈ ಸಂಬಂಧ ಬೇಕೋ ಬೇಡ್ವೋ ಅವಳ ಬಾಯಲ್ಲೇ ಕೇಳ್ತೀನಿ. ಆವಾಗ ನೀವು ನಡುವೆ ಮಾತಾಡಂಗಿಲ್ಲ’ ಅಂದರು. ಪಂಜರಗಳನ್ನು ಪಕ್ಕಪಕ್ಕ ಇಟ್ಟು ಬಂದೆ.

ಇವತ್ತು ಬೆಳಿಗ್ಗೆಯಿಂದ ಅಡಿಗೆಮನೆಯ ಬಾಗಿಲಿಗೆ ಹೋಗುವುದು, ನೀರು ಕೇಳಿ ಕುಡಿದು ವಾಪಸು ಬರುವುದು, ಇದೇ ಆಯಿತು. ಹೊಟ್ಟೆ ತುಂಬ ನೀರೇ. ಪರಸ್ಥಳದ ಹೆಂಗಸಿನ ಎದುರು ಬಂದ ಮಾತು ಹೆತ್ತ ಮಗಳ ಎದುರು ಬರಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು, ‘ನಂದು ತಪ್ಪಾಯ್ತು ಕಣವ್ವ’ ಎಂದುಬಿಟ್ಟೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು. ಕೈ ನಿಲ್ಲಿಸಿ ನನ್ನ ಮುಖ ನೋಡಿ, ‘ಯಾವುದಕ್ಕಪ್ಪಾ?’ ಎಂದಳು. ಅಣಕಿಸಲಿಲ್ಲ ಮುದ್ದಮ್ಮ. ನಿಜವಾಗಿಯೂ ತಿಳಿಯದೆ ಕೇಳಿದಳು, ಎಷ್ಟರಲ್ಲಿ ಯಾವುದು ಎಂದು.

ನಾನು ಈಳಿಗೆಮಣೆಯ ಪಕ್ಕ ನೆಲದ ಮೇಲೇ ಕೂತೆ. ಅವಳು ಚಿಕ್ಕವಳಿದ್ದಾಗಿನಿಂದ ಶುರು ಮಾಡಿ ಒಂದೊಂದೇ ಹೇಳುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ಟಪಾಲಿಗೆ ಹಾಕಿ ಬರುತ್ತೇನೆ ಎಂದು ಎದ್ದು ಬಂದು ಇಷ್ಟು ಬರೆದೆ. ‘ಬೇಗ ಬನ್ನಿ’ ಎಂದಿದ್ದಾಳೆ.